ಎಪ್ಪತ್ತೆರಡು ಗಂಟೆ

ಪಾಲಿಸಿಯ ಹದಿನಾಲ್ಕನೇ ಪುಟದಲ್ಲಿ
ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು:
ಚಳಿಗಾಲದಲ್ಲಿ ಎಪ್ಪತ್ತೆರಡು ಗಂಟೆಗೊಮ್ಮೆ
ಒಬ್ಬರಾದರೂ ಒಳಗೆ ಬಂದು ನೋಡಿ ಹೋಗತಕ್ಕದ್ದು.
ತಪ್ಪಿದಲ್ಲಿ, ಹೆಪ್ಪುಗಟ್ಟಿ ಒಡೆದ ನಲ್ಲಿಗೂ
ಕುಸಿದ ಗೋಪುರಕ್ಕೂ ಕಂಪನಿ ಹೊಣೆಯಲ್ಲ.

ಓದಿದವಳು ನಾನು, ಖಜಾಂಚಿ ಓರಿಸ್ಯಾ ಹ್ನಾತ್ಯುಕ್.
ಇಪ್ಪತ್ತೆಂಟು ವರ್ಷ ಸಸ್ಕಾಚೆವಾನಿನ ಹಿಮದಲ್ಲಿ
ಶಾಲೆಯ ಬಸ್ಸು ಓಡಿಸಿದ ಕಣ್ಣು,
ಸಣ್ಣದೇ ಮೊದಲು ಕಾಣುತ್ತದೆ.
ಉಳಿದವರು, ಅಂದರೆ ಮೂವರು,
ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು.

ಪಾದ್ರಿ ಬರುವುದು ವರ್ಷಕ್ಕೆ ಎರಡು ಸಲ:
ಈಸ್ಟರಿಗೆ, ಮತ್ತೆ ಜುಲೈಯಲ್ಲಿ ಗೋರಿಗಳನ್ನು ಹರಸಲು.
ಮಿಕ್ಕ ದಿನ ದೇವರೊಬ್ಬನೇ.
ಏಜೆಂಟ್ ಹುಡುಗಿಗೆ ಫೋನಿನಲ್ಲಿ ಕೇಳಿದೆ,
‘ಆತ ಇದ್ದೇ ಇರುತ್ತಾನಲ್ಲ, ಲೆಕ್ಕಕ್ಕೆ ಬರುವುದಿಲ್ಲವೆ?’
ಅವಳು ನಗಲಿಲ್ಲ.
‘ಸಹಿ ಹಾಕಬಲ್ಲವರು ಬೇಕು, ಮೇಡಂ.’
ದೇವರು ಕೊಟ್ಟರೂ ಕಂಪನಿ ಕೊಡಬೇಕಲ್ಲ.

ಹೀಗೆ ಶುರುವಾಯಿತು ಪಾಳಿ.
ನೀಲಿ ರಟ್ಟಿನ ಪುಸ್ತಕ, ದಾರ ಕಟ್ಟಿದ ಪೆನ್ಸಿಲು,
ಮೈನಸ್ ಮೂವತ್ತೆಂಟರಲ್ಲಿ ಪೆನ್ನು ಬಾಯಿ ಬಿಡುವುದಿಲ್ಲ.
ಮೆತ್ರೋ ವೊರೊನ್ಯುಕ್ ಬರೆದ:
ಬಂದೆ. ನಲ್ಲಿ ಸರಿ. ಇಲಿ ಒಂದು.
ಮೂರನೆಯ ದಿನ ನಾನು:
ಬಂದೆ. ನಲ್ಲಿ ಸರಿ. ಇಲಿ ಕಾಣಲಿಲ್ಲ.
ಎಂಬತ್ತೊಂಬತ್ತರ ಪರಾಸ್ಕಾ, ತನ್ನ ಹಳೆಯ ಲಿಪಿಯಲ್ಲಿ,
ಒತ್ತಿ ಒತ್ತಿ: ಇಲಿ ಇದೆ.

ನಾಲ್ಕನೆಯವನು ಲೆಸ್.
ಹೆಂಡತಿಯನ್ನು ಮಣ್ಣು ಮಾಡಿದ ವರ್ಷದಿಂದ
ಪ್ರಾರ್ಥನೆಗೆ ಬಾಯಿ ತೆರೆದವನಲ್ಲ.
‘ಆತನ ಗೊಡವೆ ನನಗೆ ಬೇಡ,
ಫರ್ನೇಸ್ ಬೇಕಾದರೆ ನೋಡುತ್ತೇನೆ’ ಎಂದ.
ಮೊದಲ ಸಲ: ೨.೧೦ಕ್ಕೆ ಬಂದೆ, ೨.೧೫ಕ್ಕೆ ಹೋದೆ.

ಜನವರಿಯಲ್ಲಿ ಕಂಪನಿಯ ಮನುಷ್ಯ ಬಂದ.
ಗೋಡೆಗೆ ಕೆಂಪು ಬೆಳಕು ಬಿಟ್ಟು ಅಳೆದ,
ತಗಡಿನ ಈರುಳ್ಳಿ ಗೋಪುರಕ್ಕೆ ದರ ಹಾಕಿದ,
ಛಾವಣಿಯ ನಕ್ಷತ್ರಗಳನ್ನು ನೋಡಿ ತಲೆ ಕೆರೆದ.
ಅವು ಆರುನೂರ ಹದಿನಾಲ್ಕು. ನನಗೆ ಗೊತ್ತು,
ಚಿಕ್ಕವಳಿದ್ದಾಗ ಪ್ರವಚನದ ಹೊತ್ತಿಗೆಲ್ಲ ಎಣಿಸಿದವಳು.
ಮೆತ್ರೋನ ಅಜ್ಜ, ಕುದುರೆ ಬಾಲದ ಕುಂಚದಲ್ಲಿ,
ಒಂದು ಚಳಿಗಾಲ ಪೂರ್ತಿ ಅಂಗಾತ ಮಲಗಿ ಬರೆದದ್ದು.
‘ಬಣ್ಣ ಬಳಿದ ಛಾವಣಿ, ಚದರ ಅಡಿಗೆ ಇಷ್ಟು’
ಎಂದು ಬರೆದುಕೊಂಡ. ನಾನು ವಾದಿಸಲಿಲ್ಲ.
ಬೆಲೆ ಏರಿದರೆ ಕಂತೂ ಏರುತ್ತದೆ.

ಫೆಬ್ರವರಿಯ ಬಿರುಗಾಳಿಗೆ ದಾರಿ ಮುಚ್ಚಿತು.
ಮೆತ್ರೋ ಆಸ್ಪತ್ರೆಯಲ್ಲಿ, ಲೆಸ್‌ನ ಟ್ರಕ್ಕು ಹೂತು ಹೋಗಿ,
ಅರವತ್ತೊಂಬತ್ತನೇ ಗಂಟೆ.
ಹಿಮ ಸರಿಸುವ ಗ್ರೇಡರಿಗೆ ಕೈ ಅಡ್ಡ ಹಾಕಿದೆ.
ಓಡಿಸುತ್ತಿದ್ದವನು ಆರ್ನೆಲ್ ಡಿಮಾಕುಲಾಂಗನ್,
ಬತಂಗಾಸ್‌ನಿಂದ ಬಂದು ಎರಡೇ ಚಳಿ ಕಂಡವನು.
‘ಚರ್ಚಿಗೆ? ಈ ಹೊತ್ತಿನಲ್ಲಿ?’
‘ವಿಮೆಗೆ’ ಎಂದೆ.
ಹತ್ತಿಸಿಕೊಂಡ.

ಫರ್ನೇಸ್ ಆರಿತ್ತು.
ಅವನೇ ಮಂಡಿಯೂರಿ, ಬೆಂಕಿಕಡ್ಡಿ ಹಿಡಿದು,
ತನ್ನ ಭಾಷೆಯಲ್ಲಿ ಬೈದನೋ ಬೇಡಿದನೋ,
ಒಳಗೆ ‘ಭುಗ್’ ಅಂದಿತು.
ಹೊರಡುವಾಗ ಇಬ್ಬರೂ ಶಿಲುಬೆ ಗುರುತು ಹಾಕಿಕೊಂಡೆವು.
ನಮ್ಮದು ಬಲದಿಂದ ಎಡಕ್ಕೆ, ಅವನದು ಎಡದಿಂದ ಬಲಕ್ಕೆ,
ಎದುರುಬದುರು ನಿಂತದ್ದಕ್ಕೆ
ಕೈ ಒಂದೇ ಕಡೆಗೆ ಹೋದಂತಿತ್ತು.
ಪುಸ್ತಕದಲ್ಲಿ ಅವನ ಸಹಿ
ನಮ್ಮೆಲ್ಲರದಕ್ಕಿಂತ ಉದ್ದ.

ಆ ರಾತ್ರಿ ಹಳೆಯ ಪುಟ ತಿರುವಿದಾಗ ಕಂಡದ್ದು:
ಲೆಸ್, ೨.೧೦ಕ್ಕೆ ಬಂದೆ, ೨.೫೦ಕ್ಕೆ ಹೋದೆ.
ಲೆಸ್, ೨.೦೫ಕ್ಕೆ ಬಂದೆ, ೩.೪೦ಕ್ಕೆ ಹೋದೆ.
ಫರ್ನೇಸ್ ನೋಡಲು ಅಷ್ಟು ಹೊತ್ತು ಬೇಡ.

ಏಪ್ರಿಲ್ ಒಂದಕ್ಕೆ ಷರತ್ತು ಸಡಿಲ,
ಇನ್ನು ತಿಂಗಳಿಗೊಮ್ಮೆ ಸಾಕು.
ಪುಸ್ತಕ ತರೋಣವೆಂದು ನಾಲ್ಕಕ್ಕೆ ಹೋದೆ.
ಬಾಗಿಲಲ್ಲಿ ಕೆಸರಿನ ಬೂಟಿನ ಗುರುತು,
ಪೆನ್ಸಿಲು ಹೊಸದಾಗಿ ಹೆರೆದಿತ್ತು.
ಬಂದೆ, ಎಂದಿತ್ತು ಅವನ ಗೀಚಿನಲ್ಲಿ.
ನಲ್ಲಿಯ ಮಾತಿಲ್ಲ, ಗಂಟೆಯಿಲ್ಲ.
ಕೆಳಗೆ: ಇಲಿ ಈಗ ಎರಡು.

ಪುಸ್ತಕ ಅಲ್ಲೇ ಬಿಟ್ಟು ಬಂದೆ.