ಅಕ್ಷರ ದೊಡ್ಡದು ಮಾಡು

ಕದ್ರಾ ದಾಟಿದರೆ ಫೋನು ಕೈಯೆತ್ತುತ್ತದೆ.
ಭಾನುವಾರದ ಕಣ್ಣಿನ ಶಿಬಿರಕ್ಕೆ ಕಾಗದದ ನಕಾಶೆಯೇ ಬೇಕು ಎಂದು
ಪುರುಷೋತ್ತಮ ತಾಂಡೇಲರು ಶುಕ್ರವಾರ ಸಂಜೆ
ಕೋಡಿಬಾಗದ ನನ್ನ ಬಾಡಿಗೆಮನೆ ಬಾಗಿಲಲ್ಲಿ ನಿಂತು ಹೇಳಿಹೋದರು.
ಅವರು ವ್ಯಾನಿನ ಡ್ರೈವರು. ನಾನು ಕನ್ನಡಕದಂಗಡಿಯಲ್ಲಿ
ನಂಬರು ನೋಡುವವಳು.

ಹುಡುಕಿದೆ. ಮೊದಲು ಸಿಕ್ಕಿದ್ದರಲ್ಲಿ
ಹೊಟೇಲುಗಳಿದ್ದವು, ರಸ್ತೆ ಇರಲಿಲ್ಲ.
ಮತ್ತೊಂದರಲ್ಲಿ ಇಡೀ ತಾಲೂಕು ಹಸಿರು ಕಂಬಳಿ ಹೊದ್ದಿತ್ತು,
ದಾರಿಗಳು ಕಂಬಳಿಗಂಟಿದ ಕೂದಲು.
ಆಮೇಲಿನದು ಆಕಾಶದಿಂದ ತೆಗೆದ ಫೋಟೋ,
ನಮ್ಮ ಓಣಿಯ ಹೆಂಚನ್ನೂ ಎಣಿಸಬಹುದು,
ಪ್ರಿಂಟು ತೆಗೆದರೆ ಮಾತ್ರ ಕಾಡೆಲ್ಲ
ಸೀದುಹೋದ ದೋಸೆಯ ಬೆನ್ನು.

ರಾತ್ರಿ ಹತ್ತು ದಾಟಿದ ಮೇಲೆ ಒಂದು ಸಿಕ್ಕಿತು.
ಬಿಳಿ ನೆಲ, ಕೆಂಪು ರಸ್ತೆ, ಕಪ್ಪು ಹೆಸರು. ಅಷ್ಟೆ.
ಕೇರಿ ಹಸನು ಮಾಡಿದ ಮೊರದಷ್ಟು ನಿಚ್ಚಳ.

ಪ್ರಿಂಟರಿನಲ್ಲಿ ನೀಲಿ ಶಾಯಿ ಮುಗಿದಿತ್ತು.
ಹಾಳೆ ಹೊರಬಂತು: ಸಮುದ್ರವಿಲ್ಲದ ಕಾರವಾರ.
ಖಾಲಿ ಕಾಗದದಲ್ಲಿ ಕೂರ್ಮಗಡ ಒಂದು ನೊಣದ ಹಿಕ್ಕೆ,
ಕಾಳಿ ನದಿ ಎರಡು ಗೆರೆಗಳ ನಡುವೆ
ಯಾರೋ ತುಂಬಲು ಮರೆತ ಜಾಗ.
ಕಿಟಕಿಯಾಚೆ ಅದೇ ಕಾಳಿಗೆ ಭರತದ ಹೊತ್ತು,
ಕತ್ತಲಲ್ಲಿ ಸೇತುವೆಯ ಕಂಬ ತೊಳೆಯುತ್ತಿತ್ತು,
ನಿನ್ನ ಶಾಯಿ ಯಾರಿಗೆ ಬೇಕು ಎಂಬಂತೆ.

ಶನಿವಾರ ಬೆಳಿಗ್ಗೆ ಬಂದು ನೋಡಿದರು.
'ಇರುವೆ ಹರಿದ ಹಾಗಿದೆ ಬಾಯ್, ಅಕ್ಷರ ದೊಡ್ಡದು ಮಾಡು.'
ನಾಲ್ಕು ಹಾಳೆಗೆ ಹಿಗ್ಗಿಸಿದೆ.
'ಇನ್ನೂ ಸ್ವಲ್ಪ.'
ಒಂಬತ್ತು ಹಾಳೆ ಮಾಡಿದೆ.
ಈ ಯಂತ್ರಕ್ಕೆ ಅಂಚಿನ ಒಂದು ಬೆರಳಗಲ ಬಿಡುವ ಹಟ.
ಬ್ಲೇಡಿನಲ್ಲಿ ಕತ್ತರಿಸಿ, ಟೇಪು ಹಚ್ಚಿ ಕೂಡಿಸುವಾಗ
ದೇವಳಮಕ್ಕಿ ಒಡೆಯಿತು:
ದೇವಳ ಒಂದು ಹಾಳೆಯಲ್ಲಿ,
ಮಕ್ಕಿ ಇನ್ನೊಂದರಲ್ಲಿ, ನಡುವೆ ನನ್ನ ಹೆಬ್ಬೆರಳ ಗುರುತು.

ಸಂಜೆ ಮತ್ತೆ ಬಂದರು. ಬೆಳಕಿಗೆ ಹಿಡಿದರು.
ತೋಳು ನೀಡಿದರು, ಕತ್ತು ಹಿಂದಕ್ಕೆ ಎಳೆದರು.
ಕೊನೆಗೆ ನಕಾಶೆಯನ್ನು ನನ್ನ ಕೈಗೆ ಕೊಟ್ಟು
'ಹೀಗೇ ಹಿಡಿ' ಎಂದು
ಮೆಟ್ಟಿಲಿಳಿದು ಎರಡು ಹೆಜ್ಜೆ ದೂರ ನಿಂತು ಓದಿದರು:
'ಮಲ್ಲಾಪುರ. ಹ್ಞಾ, ಈಗ ಪ್ರಿಂಟು ಸರಿ ಬಂತು.'

ಇದೇ ನಿಲುವನ್ನು ದಿನಕ್ಕೆ ಮೂವತ್ತು ಸಲ ನೋಡುವವಳು ನಾನು.
ತೋಳು ಬೆಳೆಯುತ್ತದೆ, ಗದ್ದ ಏರುತ್ತದೆ,
ತಪ್ಪು ಯಾವಾಗಲೂ ಕಾಗದದ್ದು.
ನಾಲ್ಕು ವರ್ಷ ಇವರ ಪಕ್ಕದ ಸೀಟಿನಲ್ಲಿ
ಮಸೂರದ ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ,
ಊರೂರಿನ ಕಣ್ಣು ನೋಡಿದ್ದೇನೆ.

ಹೇಳಲಿಲ್ಲ. ಹೇಳಿದ್ದರೆ,
ಮಾಜಾಳಿಯ ದಂಡೆಯಲ್ಲಿ ಯಾವ ದೋಣಿಗೆ ಯಾವ ಬಣ್ಣ
ಇಲ್ಲಿಂದಲೇ ಹೇಳಲೇ ಎನ್ನುತ್ತಿದ್ದರು.
ಹೇಳಿಯೂ ಬಿಡುತ್ತಿದ್ದರು. ದೂರದ್ದೆಲ್ಲ ಅವರಿಗೆ ಕಾಣುತ್ತದೆ.
ಕೈಗೆ ಬಂದದ್ದೇ ಮಸುಕು.

ಭಾನುವಾರ, ಕದ್ರಾದಾಚೆ, ಫೋನು ಕೈಯೆತ್ತಿದ ಮೇಲೆ
ಒಂದು ರಸ್ತೆ ಎರಡಾಯಿತು.
ವ್ಯಾನು ನಿಲ್ಲಿಸಿದರು. ಒಂಬತ್ತು ಹಾಳೆ ಬಿಚ್ಚಿದರೆ
ಸ್ಟೇರಿಂಗೂ ಕಾಣದು, ನಾನೂ ಕಾಣೆ.
ಹಾಳೆಯ ಅಡಿಯಿಂದ ಕೈ ತೂರಿಸಿ, ಮಾತಿಲ್ಲದೆ,
ಪರೀಕ್ಷೆಯ ಚೌಕಟ್ಟನ್ನು ಅವರ ಮೂಗಿಗೇರಿಸಿದೆ.
ಎರಡು ಕಡೆಗೂ ಪ್ಲಸ್ ಎರಡು.

ತುಸು ಹೊತ್ತು ಉಸಿರಿಲ್ಲ.
ಮಡಿಲಲ್ಲಿದ್ದ ಹಳೆಯ ಒಂದೇ ಹಾಳೆಯನ್ನು, ಆ ಇರುವೆಗಳನ್ನು,
ತಾವೇ ಎಳೆದುಕೊಂಡು ಬೆರಳಿಟ್ಟು ಓದಿದರು.
'ಎಡಕ್ಕೆ.' ಆಮೇಲೆ ನನ್ನ ಕಡೆ ತಿರುಗಿ,
'ಆ ಒಂಬತ್ತು ಯಾಕೆ ಮಾಡಿದೆ ಬಾಯ್? ಕಾಗದ ದಂಡ.'

ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಸಾಲು ಕರಗುವ ತನಕ
ಆ ಚೌಕಟ್ಟು ತೆಗೆಯದೆಯೇ ಕೂತು
ಜೇಬಿನ ಪೆನ್ನಿನಿಂದ ಕಾಳಿಗೆ ನೀಲಿ ತುಂಬಿದರು,
ಕದ್ರಾದಿಂದ ಹಿಡಿದು, ಪ್ರತಿ ತಿರುವಿಗೂ ನಿಧಾನಿಸಿ,
ಕೋಡಿಬಾಗದವರೆಗೆ.
ಸಮುದ್ರ ಬಂದಲ್ಲಿ ಪೆನ್ನಿನ ಮುಚ್ಚಳ ಹಾಕಿದರು.
'ಅದು ಹಾಗೇ ಇರಲಿ. ಅದು ಎಲ್ಲಿದೆ ಅಂತ ಗೊತ್ತು ನನಗೆ.'