ನೀಲಿ ನಲ್ಲಿ, ಕೆಂಪು ನಲ್ಲಿ

ಮುಹರ್ರಕ್‌ನಲ್ಲಿ ಜುಲೈ ಬಂತೆಂದರೆ
ನೀಲಿ ಗುರುತಿನ ನಲ್ಲಿಯಲ್ಲಿ ಕುದಿನೀರು.
ತಾರಸಿಯ ಟ್ಯಾಂಕಿಗೆ ಬಿಸಿಲೇ ಒಲೆ.
ಬಂದ ಹೊಸತರಲ್ಲಿ ಮುಖಕ್ಕೆ ಎರಚಿಕೊಂಡು
ಕಂಪೆನಿಗೆ, ಏಜೆಂಟನಿಗೆ, ಸೂರ್ಯನಿಗೂ
ಒಂದೇ ಉಸಿರಿನಲ್ಲಿ ಬೈದಿದ್ದೆ.

ಮೇಲಿನ ಮಂಚದ ಇದಿನಬ್ಬ ಇಳಿದು ಬಂದ.
ಗೀಸರಿನ ಸ್ವಿಚ್ಚು ಆರಿಸಿ
‘ನಾಳೆಯಿಂದ ಕೆಂಪನ್ನು ತಿರುಗಿಸು’ ಎಂದ.
ಅಷ್ಟೇ. ಹೋಗಿ ಮಲಗಿದ.

ಮರುದಿನ ಕೆಂಪು ನಲ್ಲಿಯಲ್ಲಿ ತಣ್ಣೀರು.
ತಣ್ಣೀರೆಂದರೆ ಬಾವಿಯದ್ದಲ್ಲ;
ರಾತ್ರಿಯಿಡೀ ಗೀಸರಿನ ಹೊಟ್ಟೆಯಲ್ಲಿ
ನಮ್ಮ ಗೊರಕೆ ಕೇಳುತ್ತ ಮಲಗಿ
ಕೊಂಚ ಸಮಾಧಾನಕ್ಕೆ ಬಂದ ನೀರು.
ಆರು ಜನಕ್ಕೆ ತಲಾ ಮೂರು ಚೆಂಬು.

ಅಂದಿನಿಂದ ನನಗೊಂದು ಚಟ:
ಏನೇ ಸುಟ್ಟರೂ ಮೊದಲು
ಕೈಗೆಟುಕುವ ಸ್ವಿಚ್ಚು ಹುಡುಕುವುದು.
ಲಿಫ್ಟಿನ ಗುಂಡಿಯಲ್ಲಿ ಗ್ರೀಸು ಬಳಿಯುವಾಗ
ಕಣ್ಣಿಗಿಳಿವ ಬೆವರು ನನ್ನ ಮಾತು ಕೇಳದು,
ಸ್ಪ್ಯಾನರು ಕೇಳುತ್ತದೆ.
ಹದಿನೇಳು ಕಳೆದರೂ ಸಂಬಳವಿಲ್ಲ,
ಎರಡು ರೂಪಾಯಿಯ ಪೆನ್ನಿದೆ.
ಸಹಿಸು ಎಂದರೆ ಸುಮ್ಮನಿರು ಎಂದಲ್ಲ:
ಅರ್ಜಿಯ ಕೆಳಗೆ ಮೊದಲ ಸಹಿ
ಇದಿನಬ್ಬನದೇ, ಸೊಟ್ಟಗೆ.

ಕೆಲವಕ್ಕೆ ಸ್ವಿಚ್ಚೇ ಇರುವುದಿಲ್ಲ.
ಊರಿಂದ ಆ ಫೋನು ಬಂದ ರಾತ್ರಿ
ಅವನು ನೀಲಿ ನಲ್ಲಿಯನ್ನೇ ಪೂರ್ತಿ ತೆರೆದು
ಬಹಳ ಹೊತ್ತು ತಲೆಯೊಡ್ಡಿ ನಿಂತಿದ್ದ.
ಬಿಸಿ ಗೊತ್ತಾಗಲಿಲ್ಲವೋ,
ಅದೇ ಬೇಕಿತ್ತೋ.
ನಾನು ಕೇಳಲಿಲ್ಲ. ನಿಲ್ಲಿಸು ಎನ್ನಲೂ ಇಲ್ಲ.
ಬಚ್ಚಲ ಬಾಗಿಲಲ್ಲಿ
ಟವಲು ಹಿಡಿದು ನಿಂತೆ.
ಅದೊಂದು ನನ್ನ ಕೈಯಲ್ಲಿತ್ತು.