ಅಂಚಿನ ಸಾಲು ಎಣಿಕೆಗಿಲ್ಲ

ಸಂಜೆ ಆರಕ್ಕೆ ಮೊಗ್ಗು ಬಿಡಿಸಬೇಕು.
ನಾಳೆ ನಸುಕಿಗೆ ಅರಳಬೇಕಾದ ಹಳದಿಯನ್ನು
ಇವತ್ತೇ ಚಿಮಟದಿಂದ ತೆರೆದು
ಕೇಸರಗಳನ್ನೆಲ್ಲ ಕಿತ್ತು
ಕೆಂಪು ದಾರ ಕಟ್ಟಿ ಬಿಡಬೇಕು.
ಮಾಹುಲದ ಚಿಮಣಿಗಳ ನಡುವೆ ಆಗ
ಸೂರ್ಯ ಹೊಗೆ ಹಿಡಿದುಕೊಂಡು ಇಳಿಯುತ್ತಿರುತ್ತಾನೆ,
ಟ್ರಾಂಬೆಯ ಖಾಡಿಯಿಂದ ಕಾಂಡ್ಲಾ ಕೆಸರಿನ ವಾಸನೆ.

ನನಗೆ ಕನ್ನಡಕ ಬೇಕು, ಚಿಮಟ ಬೇಕು.
ದ್ವಾರಕಾತಾಯಿ ಭೋಯಿರ್‌ಗೆ ಉಗುರು ಸಾಕು.
ಬೊಂಬಿಲ ಮೀನು ಸೀಳಿ ಪಳಗಿದ ಬೆರಳು
ಹೂವಿಗೆ ತಿಳಿಯದ ಹಾಗೆ
ಹೂವಿನ ಗಂಡುತನ ತೆಗೆಯುತ್ತದೆ.

ತಾಯಿ ನಮ್ಮ ಕಡೆಯ ಶೇಂಗಾ, ಕುಷ್ಟಗಿ ಸೀಮೆಯದು:
ಗೊಂಚಲು ಗೊಂಚಲು ಕಾಯಿ, ಕಾಳು ಸಣ್ಣ.
ತಂದೆ ತಣ್ಣನೆಯ ಕೋಣೆಯ ಡಬ್ಬಿಯಿಂದ ಬಂದವ,
ಹೆಸರಿಲ್ಲ, ನಂಬರಿದೆ. ಕಾಳು ದಪ್ಪ, ಸ್ವಭಾವ ನಿಧಾನ.
ಮೊದಲ ತಲೆಮಾರು ಒಂದೇ ಅಚ್ಚು, ಮಾತಿಲ್ಲ ಕತೆಯಿಲ್ಲ.
ಎರಡನೆಯದರಲ್ಲಿ ಶುರು ಗಲಾಟೆ.
ಒಂದು ನೆಲಕ್ಕೊರಗಿತು, ಒಂದು ನೆಟ್ಟಗೆ ನಿಂತಿತು.
ಒಂದಕ್ಕೆ ಅರವತ್ತೊಂದು ಕಾಯಿ, ಅರ್ಧ ಪೊಳ್ಳು.
ಒಂದಕ್ಕೆ ಒಂಬತ್ತೇ, ಹೆಬ್ಬೆರಳಿನಷ್ಟು.
ಸಾಹೇಬರಿಗೆ ಅಂಥ ದಿನ ಹಬ್ಬ:
ಎಲ್ಲವೂ ಒಂದೇ ಥರ ಇದ್ದರೆ ಆರಿಸುವುದೇನನ್ನು?
ನೂರು ಕಾಳು ಎಣಿಸಿ ತಕ್ಕಡಿಗೆ ಸುರಿಯುತ್ತೇನೆ.
ಕಾಯಿ ಹೆಚ್ಚಿದಲ್ಲಿ ಕಾಳು ಹಗುರ,
ಏಳು ಮಕ್ಕಳ ನಮ್ಮ ಮನೆಯ ತಟ್ಟೆಗಳ ಹಾಗೆ.

ವಡಾಲಾ ದಾಟುವಾಗ ಲೋಕಲ್ಲಿನಲ್ಲಿ
ಹುರಿದ ಶೇಂಗಾದ ಪೊಟ್ಟಣ ಹಿಡಿದವ ಕೂಗುತ್ತಾನೆ:
ಟೈಂಪಾಸ್, ಟೈಂಪಾಸ್!
ಹನ್ನೊಂದು ವರ್ಷ ಆಯಿತು ನಾನು ಈ ಕೆಲಸಕ್ಕೆ ಸೇರಿ.
ಕೊಳ್ಳುತ್ತೇನೆ. ಎಣಿಸದೆ ತಿನ್ನಲು ಬರುವುದಿಲ್ಲ.

ಆ ವರ್ಷದ ರಾಜಾ ಗಿಡ ಸಿಕ್ಕಿದ್ದು ಅಂಚಿನಲ್ಲಿ.
ದ್ವಾರಕಾತಾಯಿ ಬೇರು ಸಮೇತ ಎತ್ತಿಕೊಂಡು ಬಂದಳು,
ಎಂಬತ್ತನಾಲ್ಕು, ಎಲ್ಲ ತುಂಬಿದವು,
ಮಣ್ಣು ಅವಳ ಸೆರಗಿಗೆಲ್ಲ.
ಬರೆದುಕೋ ಅಂದಳು.
ಬರೆಯುವಂತಿಲ್ಲ ಅಂದೆ.
ಇದು ಬೀಜದ ಗುಣವಲ್ಲ, ಜಾಗದ ಗುಣ.
ಒಂದು ಮಗ್ಗುಲಿಗೆ ನೆರೆಯವರಿಲ್ಲ, ಬಿಸಿಲು ಜಾಸ್ತಿ,
ಪೈಪು ಸೋರಿದ ನೀರೆಲ್ಲ ಇದಕ್ಕೇ.
ಮಕ್ಕಳಿಗೆ ದಾಟುವುದಿಲ್ಲ.
ಅಂಚಿನ ಸಾಲು ಎಣಿಕೆಗಿಲ್ಲ.

ಅವಳು ಗಿಡವನ್ನು ಒಮ್ಮೆ ಝಾಡಿಸಿದಳು.
"ಎಣಿಸುವವರು ನಮ್ಮ ಗಲ್ಲಿಗೂ ಬಂದಿದ್ದರು.
ಮೊದಲ ನಾಲ್ಕು ಮನೆ ಬರೆದು, ಚಹಾ ಕುಡಿದು ಹೋದರು.
ನಮ್ಮದು ಖಾಡಿಗೆ ತಾಗಿದ್ದು."
ಆಮೇಲೆ ತಾನೇ ನಕ್ಕು,
"ಎಣಿಕೆಗಿಲ್ಲ ಅಂದರೆ ಬೇಯಿಸಬಹುದಲ್ಲ?"

ಮರುದಿನ ಡಬ್ಬಿಯಲ್ಲಿ ತಂದಳು, ಉಪ್ಪು ಹಾಕಿದ್ದು,
ಇನ್ನೂ ಬೆಚ್ಚಗೆ.
ಅಷ್ಟರಲ್ಲಿ ಆರು ಹಸಿ ಕಾಳು ನನ್ನ ಜೇಬಿನಲ್ಲಿದ್ದವು.

ಮುಂದಿನ ಹಂಗಾಮಿಗೆ, ದಾಖಲೆಯಿಲ್ಲದೆ,
ನಡುವಿನ ಸಾಲಿನಲ್ಲಿ ಊರಿದೆ.
ಅಕ್ಕಪಕ್ಕ ನೆರೆಯವರು, ಎಲ್ಲರಂತೆ ಬಿಸಿಲು, ಎಲ್ಲರಂತೆ ನೀರು.
ಇಪ್ಪತ್ತಮೂರು ಕಾಯಿ. ಹತ್ತೊಂಬತ್ತು. ಇಪ್ಪತ್ತಾರು.
ಇಪ್ಪತ್ತೊಂದು. ಮತ್ತೆ ಹತ್ತೊಂಬತ್ತು.
ಪಾಠ ಸರಿಯಾಗಿಯೇ ಇತ್ತು,
ನಾನು ಹೇಳಿದ್ದೂ ಸರಿ.

ದ್ವಾರಕಾತಾಯಿಗೆ ಇದನ್ನು ಹೇಳಿಲ್ಲ.
ಸಂಜೆ ಅವಳು ಮೊಗ್ಗು ಬಿಡಿಸುತ್ತಾ
ಆ ಸಾಲಿನ ಹತ್ತಿರ ಬಂದಾಗ
ಬೇರೆ ಕೆಲಸ ಹೇಳಿ ಕಳಿಸುತ್ತೇನೆ.

ಆರನೆಯದನ್ನು ಇನ್ನೂ ಕಿತ್ತಿಲ್ಲ.